ಲೆಕ್ಕ ತಪ್ಪಿಸಿದ ಕೆರೆ ಗೋಡು

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ರೈಲ್ವೆ ಮೋರಿಯಿಂದ.

ವೇದಾವತಿ ನದಿಯ ಜಲಾನಯನದಲ್ಲಿ ವರ್ಷಕ್ಕೆ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂದು ಅಂದಾಜು ಮಾಡುವ ಕೆಲಸ ಚಿತ್ರದುರ್ಗದ ನಮ್ಮ ಕಚೇರಿಗೆ ಬಂದಿತ್ತು. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಿಂದ ಇಳಿಯುವ ಹಳ್ಳಗಳು ಮೊದಲ ಭಾಗ, ಹಿರಿಯೂರಿನ ಕಡೆಯದು ಎರಡನೆಯ ಭಾಗ. ನಕ್ಷೆ ಮಾಡುವವನು ನಾನು. ನಕ್ಷೆ ಹೇಳಿದ್ದು ನೆಲದ ಮೇಲೆ ನಿಜವೇ ಎಂದು ಅಳೆದು ನೋಡಲು ಹೊಸದಾಗಿ ಸೇರಿದವಳು ಅವಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಹಿರಿಯೂರಿನ ಕಡೆಯ ಕುರಿ ಕಾಯುವ ಮನೆತನದವಳು. ಬಂದ ಮೊದಲ ದಿನವೇ ನನ್ನನ್ನು ಅಣ್ಣ ಎಂದು ಕರೆದಳು. ಅಣ್ಣ ಎನ್ನುವವರನ್ನು ದ್ವೇಷಿಸುವುದು ಕಷ್ಟದ ಕೆಲಸ, ಆದರೂ ನಾನು ಪ್ರಯತ್ನ ಬಿಡಲಿಲ್ಲ.

ಉಪಗ್ರಹದಿಂದ ಬಂದ ಎತ್ತರದ ಅಳತೆಗಳನ್ನು ಚೌಕ ಚೌಕವಾಗಿ ಜೋಡಿಸಿ, ಯಾವ ಚೌಕದ ನೀರು ಯಾವ ಕಡೆ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಹರಿಸಿ, ಹಳ್ಳಗಳ ಗಡಿ ಎಳೆದಿದ್ದೆ. ಮೂರು ವಾರದ ಕೆಲಸ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ನಮ್ಮ ಮುಖ್ಯಸ್ಥರ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿ ನೋಡಿ ತಲೆದೂಗುತ್ತಿದ್ದರು. ಅಷ್ಟರಲ್ಲಿ ಅವಳು ಹೊಳಲ್ಕೆರೆಯ ಆಚೆ ಒಂದು ಕಡೆ ಬೆರಳಿಟ್ಟಳು.

"ಅಣ್ಣಾ, ಈ ಹಳ್ಳ ಹಳಿ ಪಕ್ಕ ಹಿಂಗೆ ಹೋಗಲ್ಲ. ಹಳಿ ಕೆಳಗೆ ಒಂದು ಮೋರಿ ಐತೆ. ಅದ್ರೊಳಗೆ ನುಗ್ಗಿ ಆ ಕಡೆಗೆ ಹೋಗ್ತೈತೆ."

"ನೀನು ನೋಡಿದ್ದೀಯೇನಮ್ಮ?" ಎಂದೆ.

"ಮೇವಿಗೆ ವಲಸೆ ಹೋಗಾವಾಗ ಕುರಿ ಹೊಡ್ಕಂಡು ಅದೇ ಮೋರಿ ದಾಟ್ತಿದ್ವಿ. ಮಳೆ ಬಂದ್ರೆ ಅದ್ರಾಗೆ ನಿಲ್ಲಂಗಿರ್ಲಿಲ್ಲ."

ಕಂಪ್ಯೂಟರಿಗೆ ರೈಲ್ವೆ ಏರಿ ಒಂದು ಉದ್ದನೆಯ ಗುಡ್ಡದಂತೆ ಕಂಡಿತ್ತು. ಅದರ ಹೊಟ್ಟೆಯೊಳಗಿನ ಮೋರಿ ಕಂಡಿರಲಿಲ್ಲ. ಹೀಗಾಗಿ ನನ್ನ ನಕ್ಷೆಯಲ್ಲಿ ಒಂದಿಡೀ ಹಳ್ಳ ತನ್ನ ದಾರಿ ಬಿಟ್ಟು ಪಕ್ಕದ ಹಳ್ಳದ ಮನೆ ಸೇರಿತ್ತು. ಮುಖ್ಯಸ್ಥರು ಗಟ್ಟಿಯಾಗಿ ನಕ್ಕರು. "ನೀವು ಮೂರು ವಾರ ಕಂಪ್ಯೂಟರ್‌ನಾಗೆ ಹುಡುಕಿದ್ದನ್ನ ಈ ಹುಡುಗಿ ಕುರಿ ಹಿಂದೆ ಹೋಗಿ ಕಂಡೈತೆ ನೋಡ್ರಿ!" ಎಂದರು. ನಾನೂ ನಕ್ಕೆ. ನಗದೆ ಏನು ಮಾಡುವುದು?

ಏರಿಯ ಆ ಜಾಗದ ಚೌಕಗಳನ್ನು ತಗ್ಗಿಸಿ, ನೀರಿಗೆ ದಾರಿ ಕೊಟ್ಟು, ಎಲ್ಲವನ್ನೂ ಮತ್ತೆ ಹರಿಸಿದೆ. ಎರಡು ದಿನ ಹಿಡಿಯಿತು. ನಕ್ಷೆ ಸರಿಯಾಯಿತು, ನನ್ನ ಮನಸ್ಸು ಸರಿಯಾಗಲಿಲ್ಲ. ಊಟದ ಹೊತ್ತಿಗೆ ಡ್ರೈವರಿನಿಂದ ಹಿಡಿದು ಎಲ್ಲರೂ ಅವಳ ಡಬ್ಬಿಯ ಸುತ್ತ ಕೂತು ಮೋರಿಯ ಕಥೆ ಕೇಳುತ್ತಿದ್ದರು. ನಾನು ನನ್ನ ಡಬ್ಬಿ ಎತ್ತಿಕೊಂಡು ಕಂಪ್ಯೂಟರಿನ ಮುಂದೆ ಹೋಗಿ ಕೂರುತ್ತಿದ್ದೆ.

ನಮ್ಮ ಲೆಕ್ಕದ ಕ್ರಮ ದೊಡ್ಡ ರಹಸ್ಯವೇನಲ್ಲ. ಮಳೆಯ ಹೊಡೆತ ಎಷ್ಟು, ಮಣ್ಣು ಎಷ್ಟು ಬೇಗ ಕರಗಿ ಹೋಗುವಂಥದ್ದು, ಇಳಿಜಾರು ಎಷ್ಟು ಉದ್ದ ಎಷ್ಟು ಕಡಿದು, ನೆಲದ ಮೇಲೆ ಬೆಳೆಯ ಹೊದಿಕೆ ಎಷ್ಟು, ಬದು ಹಾಕಿದ್ದಾರೋ ಇಲ್ಲವೋ, ಹೀಗೆ ಒಂದೊಂದಕ್ಕೂ ಒಂದು ಅಂಕಿ ಕೊಟ್ಟು, ಪ್ರತಿ ಚೌಕದಲ್ಲೂ ಎಲ್ಲವನ್ನೂ ಗುಣಿಸುವುದು. ಮಳೆಯ ಅಂಕಿಗಳು ಆಯಾ ತಾಲೂಕುಗಳ ಮಳೆಮಾಪಕಗಳಿಂದ ಬಂದವು, ಹೊದಿಕೆಯದು ಉಪಗ್ರಹದ ಚಿತ್ರದಿಂದ. ಮಣ್ಣಿನದು ಮಾತ್ರ ಕೂತಲ್ಲಿ ಸಿಗುವುದಿಲ್ಲ. ಹೊಲಕ್ಕೆ ಹೋಗಿ, ಮೇಲಿನ ಅರ್ಧ ಅಡಿ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು, ಗಾಜಿನ ಜಾಡಿಯ ನೀರಿನಲ್ಲಿ ಕಲಕಿ, ಮರಳೆಷ್ಟು ಜೇಡಿಯೆಷ್ಟು ನಡುವಿನ ನಯವಾದ ಧೂಳು ಎಷ್ಟು ಎಂದು ನೋಡಬೇಕು. ಧೂಳು ಹೆಚ್ಚಿದ್ದಷ್ಟೂ ಮಣ್ಣು ಬೇಗ ಹೋಗುತ್ತದೆ.

ಬೇಸಿಗೆ ಶುರುವಾಗುವಾಗ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು.

"ಹೊಳಲ್ಕೆರೆ ಕಡೆ ಹಳ್ಳ, ಹೊಸದುರ್ಗದ ಕಡೆ ಹಳ್ಳ, ಎರಡ್ರಾಗೆ ಯಾವುದಕ್ಕೆ ಮೊದಲು ಬದು, ತಡೆ ಕಟ್ಟೋದು ಅಂತ ಹೇಳ್ಬೇಕು. ಒಂದಕ್ಕೆ ಈ ವರ್ಷ, ಇನ್ನೊಂದಕ್ಕೆ ಯಾವಾಗ ಅಂತ ನಂಗೂ ಗೊತ್ತಿಲ್ಲ. ನೀವು ನಕ್ಷೆಯಿಂದ ಹೇಳ್ರಿ, ನೀನು ಕೆರೆ ಹೂಳು ಅಳೆದು ಹೇಳಮ್ಮ. ಯಾರ ಅಂಕಿ ನಿಲ್ತೈತೋ ಅವರೇ ಹಿರಿಯೂರು ಭಾಗದ ಮುಂದಾಳು."

ಹಿರಿಯೂರಿನ ಕೆಲಸ ನನಗೆ ಬೇಕಿತ್ತು. ಬೇಕಿತ್ತು ಎಂದರೆ ಸಾಲದು. ಅಲ್ಲಿಯವರೆಗೆ ನಾನು ಮಾಡಿದ ನಕ್ಷೆಗಳೆಲ್ಲ ಇನ್ನೊಬ್ಬರ ವರದಿಯ ಹೊಟ್ಟೆಯೊಳಗೆ ಹೋಗಿ ಕೂತಿದ್ದವು. ಈ ಒಂದು ಸಲ ವರದಿಯ ಮೇಲೆ ನನ್ನ ಹೆಸರು ಇರಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳ ಹೆಸರು ಇರಬಾರದಿತ್ತು.

ಅವಳಿಗಿಂತ ಮೊದಲು ಮುಗಿಸಬೇಕೆಂದು ಜೀಪು ಹತ್ತಿದೆ. ಹೊರಕೆರೆದೇವಪುರ ದಾಟಿ ಒಂದು ಊರು. ಹೊಳಲ್ಕೆರೆ ಕಡೆಯ ಹಳ್ಳದ ಬಹುಪಾಲು ನೀರು ಅದರ ಕೆರೆಗೇ ಇಳಿಯುತ್ತದೆ. ಅದರ ಸುತ್ತಲಿನ ಹೊಲಗಳಲ್ಲಿ ಮಣ್ಣು ತೆಗೆದೆ. ಜೀಪು ಹೋದಷ್ಟು ದೂರ ಹೋಗುವುದು, ಇಳಿಯುವುದು, ಅಗೆಯುವುದು, ಚೀಲಕ್ಕೆ ತುಂಬಿ ಜಾಗದ ಗುರುತು ಜಿಪಿಎಸ್‌ನಲ್ಲಿ ಒತ್ತುವುದು, ಮತ್ತೆ ಹತ್ತುವುದು. ಹೊಸದುರ್ಗದ ಕಡೆಯೂ ಹೀಗೇ ತೆಗೆದೆ, ಎಲ್ಲ ಮೂರು ದಿನಕ್ಕೆ ಮುಗಿಯಿತು. ಲೆಕ್ಕ ಹಾಕಿದಾಗ ಆ ಹಳ್ಳ ನಕ್ಷೆಯಲ್ಲಿ ಕಡುಗೆಂಪು ಬಂತು. ಹೊಸದುರ್ಗದ ಕಡೆಯದು ಬರೀ ಕೇಸರಿ. ಹೊಳಲ್ಕೆರೆಯೇ ಮೊದಲು ಎಂದು ಬರೆದುಕೊಟ್ಟೆ.

ಅವಳು ವಾರ ಬಿಟ್ಟು ಬಂದಳು. ಎರಡೂ ಕಡೆ ಬತ್ತಿದ ಕೆರೆಗಳ ಅಂಗಳದಲ್ಲಿ ಗುಂಡಿ ತೋಡಿಸಿ, ಹೂಳು ಮುಗಿದು ಹಳೆಯ ಗಟ್ಟಿ ನೆಲ ಸಿಗುವ ತನಕ ಅಳೆದಿದ್ದಳು. ಕಡತದಲ್ಲಿ ಹಿಂದಿನ ಸಲ ಹೂಳೆತ್ತಿದ ವರ್ಷ ನೋಡಿ, ಅಂದಿನಿಂದ ಇಷ್ಟು ಹೂಳು, ಹಾಗಾದರೆ ವರ್ಷಕ್ಕೆ ಇಷ್ಟು ಎಂದು ಭಾಗಿಸಿದ್ದಳು. ನನ್ನ ಕಡುಗೆಂಪು ಹಳ್ಳದ ಕೆರೆಯಲ್ಲಿ ಹೂಳು ಅರ್ಧ ಅಡಿಯೂ ಇರಲಿಲ್ಲ. ಹೊಸದುರ್ಗದ ಕಡೆ ಅವಳ ಮೊಣಕಾಲು ದಾಟಿತ್ತು. ಹೊಸದುರ್ಗವೇ ಮೊದಲು ಎಂದು ಅವಳು ಬರೆದಳು.

"ಇಬ್ರೂ ಸರಿ ಇರಾಕೆ ಸಾಧ್ಯ ಇಲ್ಲ. ಯಾರದ್ದು ತಪ್ಪು ನೋಡ್ಕಳ್ರಿ. ಮುಂದಿನ ವಾರ ಸಭೆ ಐತೆ," ಎಂದರು ಮುಖ್ಯಸ್ಥರು. ಎನ್ನುವಾಗ ಅವರ ಕಣ್ಣು ಅವಳ ಕಡೆಗಿತ್ತು. ನನಗೆ ಹಾಗೆ ಕಂಡಿತು.

ಮರುದಿನ ಬೆಳಿಗ್ಗೆಯೇ ಆ ಕೆರೆಗೆ ಹೋದೆ. ನನ್ನ ಮಣ್ಣನ್ನು ಮತ್ತೆ ಪರೀಕ್ಷಿಸಲು ಅಲ್ಲ. ಅವಳ ಗುಂಡಿಯಲ್ಲಿ ಹುಳುಕು ಹುಡುಕಲು. ಕೆರೆ ನೀರು ಬಿಡುವ ನೀರುಗಂಟಿ ಅಜ್ಜ ಏರಿಯ ಮೇಲೆ ಬೇವಿನ ನೆರಳಿನಲ್ಲಿ ಕೂತಿದ್ದ.

"ಬರ್ರಿ ಸಾ, ಕುಂತ್ಕಳ್ರಿ. ಇನ್ನೊಂದ್ ಸಲ ಗುಂಡಿ ತೋಡಾಕೆ ಬಂದ್ರಾ?"

"ಅಜ್ಜಾ, ಈ ಕೆರೆ ಹೂಳು ತೆಗೆದದ್ದು ಯಾವಾಗ?"

"ಗೌರ್ಮೆಂಟ್ನೋರು ತಗ್ಸಿದ್ದು ಯಾವಾಗ್ಲೋ. ನಮ್ಮೋರು ತಗಿಯಾದು ವರ್ಷ ವರ್ಷಾನೂ ಐತಲ್ಲ."

ನಾನು ಜೇಬಿನಿಂದ ಪುಸ್ತಕ ತೆಗೆದೆ. "ಯಾಕೆ ತೆಗೀತಾರೆ?"

"ಗೋಡು ಸಾ! ಈ ಹೂಳು ಮಣ್ಣನ್ನೇ ಗೊಬ್ಬರದಂಗೆ ಹೊಲಕ್ಕೆ ಹೊಡ್ಕಂತಾರೆ. ಈ ಕೆಂಪು ಗರಸು ನೆಲಕ್ಕೆ ಒಂದ್ ಸಲ ಕೆರೆ ಗೋಡು ಹಾಕಿದ್ರೆ ಮೂರು ವರ್ಷ ತಂಪಿರ್ತೈತೆ. ಬ್ಯಾಸ್ಗಿ ಬಂತು ಅಂದ್ರೆ ಇಲ್ಲಿ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರ್ತವೆ."

"ಮೊನ್ನೆ ಬಂದಿದ್ದ ನಮ್ಮ ಮೇಡಂಗೆ ಇದನ್ನ ಹೇಳಲಿಲ್ವಾ?"

"ಆಯಮ್ಮ ಕೇಳ್ಲಿಲ್ಲ. ಕೆರ್ಯಾಗೆ ನೀರು ಎಷ್ಟು ದಿನ ನಿಲ್ತೈತೆ, ಕುರಿಗೆ ಮೇವು ಐತಾ, ನಿನ್ ಮೊಣಕಾಲು ನೋವು ಹೆಂಗೈತಜ್ಜ, ಎಲ್ಲಾ ಕೇಳಿದ್ಲು. ಇದೊಂದು ಕೇಳ್ಲಿಲ್ಲ."

ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು ನನಗೆ. ಹೂಳನ್ನು ಊರವರು ವರ್ಷವೂ ಬಾಚಿಕೊಂಡು ಹೋದರೆ ಅಲ್ಲಿ ಉಳಿಯುವುದೆಷ್ಟು? ಅವಳ ಭಾಗಾಕಾರವೇ ತಪ್ಪು. ಏರಿಯ ಮೇಲೆ ನಿಂತುಕೊಂಡೇ ಮುಖ್ಯಸ್ಥರಿಗೆ ಮೊಬೈಲಿನಲ್ಲಿ ಬರೆದು ಕಳಿಸಿದೆ: ಕೆರೆಯ ಹೂಳನ್ನು ರೈತರು ಪ್ರತಿ ವರ್ಷ ತೆಗೆಯುತ್ತಾರೆ, ಸಹೋದ್ಯೋಗಿಯ ಅಳತೆ ನಂಬಲು ಬರುವುದಿಲ್ಲ. ಸಹೋದ್ಯೋಗಿ ಎಂಬ ಪದ ಬರೆಯುವಾಗ ಬೆರಳಿಗೆ ಎಂಥ ಸುಖ!

ಸಾಕ್ಷಿಗೆ ಫೋಟೋ ಇರಲಿ ಎಂದು ಗೋಡು ಹಾಕಿದ ಹೊಲಗಳನ್ನು ನೋಡಲು ಹೊರಟೆ. ಅಜ್ಜ ತೋರಿಸಿದ ಬಂಡಿದಾರಿಯಲ್ಲಿ ಟ್ರ್ಯಾಕ್ಟರಿನ ಚಕ್ರದ ಗುರುತು ಆಳವಾಗಿ ಮೂಡಿತ್ತು. ಮೊದಲ ಹೊಲದಲ್ಲಿ ಕೆಂಪು ನೆಲದ ಮೇಲೆ ಬೂದುಗಪ್ಪು ಮಣ್ಣು ಹರಡಿತ್ತು. ಜಾಗದ ಗುರುತು ಒತ್ತಲು ಜಿಪಿಎಸ್ ತೆಗೆದೆ. ಪರದೆಯ ಮೇಲೆ ಆಗಲೇ ಒಂದು ಗುರುತು ಇತ್ತು. ನನ್ನದೇ. ನಾನು ಮಣ್ಣು ತೆಗೆದ ಏಳನೆಯ ಜಾಗ.

ಎರಡನೆಯ ಹೊಲಕ್ಕೆ ಓಡಿದೆ. ಅದು ಎಂಟನೆಯದು. ಮೂರನೆಯದರಲ್ಲಿ ಬಗ್ಗಿ ಕೈಯಿಂದ ಕೆದಕಿದೆ. ಮಣ್ಣಿನಲ್ಲಿ ಕೆರೆಯ ಬಸವನಹುಳುವಿನ ಸಣ್ಣ ಬಿಳಿ ಚಿಪ್ಪುಗಳಿದ್ದವು. ಇಂಥವೇ ಚಿಪ್ಪುಗಳು ಪ್ರಯೋಗಾಲಯದಲ್ಲಿ ನನ್ನ ಜರಡಿಯ ಮೇಲೆ ಉಳಿದಿದ್ದವು, ಕಸವೆಂದು ನಾನೇ ಕೊಡವಿದ್ದೆ. ಗುಡ್ಡದ ಗರಸು ಹೊಲದಲ್ಲಿ ಬಸವನಹುಳು ಎಲ್ಲಿಂದ ಬರಬೇಕು ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತೂ ನನಗೆ ಇರಲಿಲ್ಲ. ಅವಳಿಗಿಂತ ಮೊದಲು ಮುಗಿಸಬೇಕಿತ್ತಲ್ಲ. ಜೀಪು ಹೋಗುವ ಹೊಲಕ್ಕೇ ಟ್ರ್ಯಾಕ್ಟರೂ ಹೋಗುತ್ತದೆ. ನಾನು ಪರೀಕ್ಷೆ ಮಾಡಿದ್ದು ಗುಡ್ಡದ ಮಣ್ಣನ್ನಲ್ಲ, ಕೆರೆಯ ಗೋಡನ್ನು. ನಯವಾದ ಆ ಧೂಳುಮಣ್ಣಿನ ಅಂಕಿಯನ್ನು ಇಡೀ ಇಳಿಜಾರಿಗೆ ಹಚ್ಚಿ ನಕ್ಷೆಯನ್ನು ಕೆಂಪು ಮಾಡಿದ್ದೆ.

ನನ್ನ ಊರು ತುರುವನೂರಿನ ಕಪ್ಪು ಎರೆ ಹೊಲಕ್ಕೆ ಯಾರೂ ಗೋಡು ಹೊಡೆಯುವುದಿಲ್ಲ. ಹಾಗಾಗಿ ಅದು ನನ್ನ ತಲೆಗೆ ಬರಲೇ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬದುವಿನ ಮೇಲೆ ಕೂತೆ. ಆಗಲೇ ಮೊಬೈಲಿಗೆ ಮುಖ್ಯಸ್ಥರ ಉತ್ತರ ಬಂತು: ಭೇಷ್. ಹಿರಿಯೂರು ನಿಮ್ಮದೇ.

ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಬರೆಯಲಿಲ್ಲ.

ವಾಪಸು ಬರುವಾಗ ಅವಳ ಫೋನ್ ಬಂತು. ಅಳುತ್ತಾಳೆ, ಇಲ್ಲವೇ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧನಾಗಿದ್ದೆ.

"ಅಣ್ಣಾ, ಸರ್ ಹೇಳಿದ್ರು. ನಂದು ತಪ್ಪಾತು. ನಮ್ ಕಡೆ ಗೊಬ್ಬರಕ್ಕೆ ಅಂತ ಹೊಲದಾಗೆ ಕುರಿ ಮಂದೆ ನಿಲ್ಲಿಸ್ತಾರೆ, ಗೋಡು ಹೊಡಿಯಾದು ನಂಗೆ ಹೊಳೀಲೇ ಇಲ್ಲ ನೋಡ್ರಿ. ನಿಮ್ ನಕ್ಷೇನೇ ಇಡಾಣ." ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೇಳಿದಳು, "ಆ ಗೋಡು ಯಾವ್ ಹೊಲಕ್ಕೆ ಹೋತು ಅಣ್ಣಾ?"

"ಎಲ್ಲೋ ಅಲ್ಲೇ, ಆಚೆ ಕಡೆ," ಎಂದೆ.

ಆ ಫೋನ್ ಇಟ್ಟ ಮೇಲೆ ನನಗಾದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಪಶ್ಚಾತ್ತಾಪವಲ್ಲ. ಮೋರಿಯ ದಿನಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ತಪ್ಪನ್ನು ಒಪ್ಪಿಕೊಳ್ಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಈ ಗುಣ ಎಲ್ಲಿಂದ ಬರುತ್ತದೆ, ನನಗೆ ಯಾಕೆ ಬರಲಿಲ್ಲ?

ಮೂರು ದಿನ ಸುಮ್ಮನಿದ್ದೆ. ಅಭಿನಂದನೆ ಹೇಳಿದವರಿಗೆ ಕೈ ಮುಗಿದೆ. ಕಾಮಗಾರಿಗಳ ಪಟ್ಟಿ ತಯಾರಾಯಿತು. ಹೊಳಲ್ಕೆರೆ ಮೇಲೆ ಬಂತು, ಹೊಸದುರ್ಗದ ಹಳ್ಳ 'ಮುಂದಿನ ಹಂತ' ಎಂಬ ಕಾಲಂಗೆ ಜಾರಿತು. ಆ ಕಾಲಂಗೆ ಹೋದದ್ದು ಮತ್ತೆ ಬಂದದ್ದನ್ನು ನಾನು ನೋಡಿಲ್ಲ. ಅಲ್ಲಿಯ ಇಳಿಜಾರಿನ ಸಜ್ಜೆ ಹೊಲಗಳು ಮಳೆಗೆ ಕೊರಕಲು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ಬಾಯಿ ತೆರೆಯಲಿಲ್ಲ.

ಮೂರನೆಯ ದಿನ ಸಂಜೆ ಅವಳು ನನ್ನ ಮೇಜಿನ ಹತ್ತಿರ ಬಂದಳು. "ಅಣ್ಣಾ, ಸಭೆ ಮುಗಿದ್ ಮ್ಯಾಲೆ ನಾನು ಆ ಊರಿಗೆ ಹೋಗಿ ಟ್ರ್ಯಾಕ್ಟರ್‌ನೋರನ್ನ ಮಾತಾಡಿಸ್ತೀನಿ. ಎಷ್ಟು ಲೋಡು, ಯಾವ್ ಹೊಲ ಅಂತ ಕೇಳಿದ್ರೆ ನನ್ ಅಳತೆ ಸರಿ ಮಾಡ್ಬೋದು."

ಯಾವ ಹೊಲ ಎಂದು ಕೇಳಿದ ದಿನ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಭಯವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಭಯಕ್ಕಿಂತ ಮೊದಲು ಬಂದ ಯೋಚನೆ ಬೇರೆ: ನನ್ನ ತಪ್ಪನ್ನೂ ಅವಳೇ ಹಿಡಿದಳು ಎಂಬ ಹೆಸರು ಅವಳಿಗೇ ಹೋಗುತ್ತದೆ. ಮೋರಿ ಅವಳದು, ಮೆಚ್ಚುಗೆ ಅವಳದು, ಕೊನೆಗೆ ನನ್ನ ತಪ್ಪೂ ಅವಳ ಪಾಲಿಗೇ? ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮರುದಿನ ಜೀಪನ್ನು ಕೆರೆ ಏರಿಯ ಹತ್ತಿರವೇ ಬಿಟ್ಟು ನಡೆದೆ. ಟ್ರ್ಯಾಕ್ಟರ್ ಹತ್ತಲಾಗದ ಮೇಲಿನ ಹೊಲಗಳಿಗೆ, ಕಲ್ಲುಬದು ದಾಟಿ, ಜಾಲಿ ಮುಳ್ಳು ತುಳಿದು. ಅಲ್ಲಿಯ ಮಣ್ಣು ಗರಸು, ಮೇಲೆಲ್ಲ ಬೆಣಚು ಕಲ್ಲು. ಹನ್ನೆರಡು ಚೀಲ ತುಂಬಿ ಹೆಗಲ ಮೇಲೆ ಎರಡೆರಡೇ ಹೊತ್ತು ಇಳಿಸಿದೆ. ಪ್ರಯೋಗಾಲಯದಲ್ಲಿ ಈ ಸಲ ಜರಡಿಯ ಮೇಲೆ ನಿಂತದ್ದು ಬರೀ ಕಲ್ಲುಚೂರು. ಹೊಸ ಅಂಕಿ ಹಾಕಿ ಲೆಕ್ಕ ಹರಿಸಿದೆ. ನನ್ನ ಕಡುಗೆಂಪು ಹಳ್ಳ ಕಣ್ಣೆದುರೇ ಹಳದಿಗೆ ತಿರುಗಿತು. ಹೊಸದುರ್ಗದ ಕಡೆ ಗೋಡು ಹೊಡೆಯುವುದು ಕಡಿಮೆ, ಅಲ್ಲಿಯ ಅಂಕಿ ಕದಲಲಿಲ್ಲ. ಹೊಸದುರ್ಗವೇ ಮೊದಲು. ತಪ್ಪು ಅಳತೆ ಹಿಡಿದುಕೊಂಡೂ ಅವಳು ಸರಿಯಾದ ಉತ್ತರವನ್ನೇ ಹೇಳಿದ್ದಳು. ಇದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ನಕ್ಷೆ ತೆಗೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. "ನನ್ನ ಮಣ್ಣೂ ತಪ್ಪು ಸರ್. ಗೋಡು ಹಾಕಿದ ಹೊಲದಲ್ಲೇ ತೆಗೆದಿದ್ದೆ. ಮೇಲಿನದನ್ನು ತಂದು ಮತ್ತೆ ನೋಡಿದೆ," ಎಂದೆ. ಇದು ಯಾವಾಗ ಗೊತ್ತಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಹಿರಿಯೂರು ಆ ಹುಡುಗಿ ನೋಡ್ಕಳ್ಳಿ. ನೀವು ನಕ್ಷೆ ಮಾಡಿಕೊಡ್ರಿ."

ಆಯಿತು ಸರ್ ಎಂದು ಹೊರಗೆ ಬಂದೆ. ಹಿರಿಯೂರು ಕೈತಪ್ಪಿತ್ತು. ಆದರೂ ಸಭೆಯಲ್ಲಿ ಎದ್ದು ನಿಂತು ಹೇಳಲು ನನ್ನ ಬಳಿ ಒಂದು ಮಾತು ಉಳಿದಿತ್ತು. ನನ್ನ ತಪ್ಪನ್ನು ನಾನೇ ಹಿಡಿದೆ ಎನ್ನುವುದು. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡೆ. ಚೆನ್ನಾಗಿ ಬರುತ್ತಿತ್ತು.

ಸಭೆಯಲ್ಲಿ ವರದಿ ಮಂಡಿಸಿದವಳು ಅವಳು. ನಾನು ಏಳುವ ಮೊದಲೇ ಅವಳ ಬಾಯಿಂದ ಆ ಮಾತು ಬಂದುಬಿಟ್ಟಿತು. "ನಾವಿಬ್ರೂ ತಪ್ಪು ಮಾಡಿದ್ವಿ ಸರ್. ನನ್ ಕೆರೆಯಿಂದ ಹೋದ ಗೋಡು ಅಣ್ಣನ ಹೊಲ ಸೇರಿತ್ತು. ಅದನ್ನ ಹುಡುಕಿದ್ದು ಅಣ್ಣ. ಆಮ್ಯಾಲೆ ಗುಡ್ಡದ ಮಣ್ಣನ್ನ ಹೆಗಲ ಮ್ಯಾಲೆ ಹೊತ್ಕಂಡು ಬಂದ್ರು." ಎಲ್ಲರೂ ತಿರುಗಿ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಹೇಳಿಕೊಳ್ಳಬೇಕೆಂದಿದ್ದ ಒಳ್ಳೆಯ ಮಾತನ್ನು ಅವಳು ನನಗೆ ದಾನ ಮಾಡಿದ್ದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಅಧಿಕಾರಿ ಕುತೂಹಲದಿಂದ ಕೇಳಿದರು: "ಒಳ್ಳೇ ಪತ್ತೇದಾರಿಕೆ. ಕೆರೆ ವಿಷಯ ಗೊತ್ತಾಗಿ ಎಷ್ಟು ದಿನಕ್ಕೆ ಹೊಲದ ವಿಷಯ ಗೊತ್ತಾಯ್ತು?"

ನಾಲ್ಕು ದಿನ ಎಂದರೆ ಮುಗಿಯುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಆದರೆ ಅವಳು ಕೊಟ್ಟದ್ದನ್ನು ಹಾಗೇ ಜೇಬಿಗಿಟ್ಟುಕೊಂಡು ಅವಳ ಹಂಗಿನಲ್ಲಿ ಇರಲು ನನಗೆ ಆಗಲಿಲ್ಲ.

"ಅವತ್ತೇ ಸರ್," ಎಂದೆ. "ಒಂದು ಗಂಟೆಯೂ ಆಗಿರಲಿಲ್ಲ."

ಅಧಿಕಾರಿಗೆ ಅದರಲ್ಲೇನೂ ಅರ್ಥವಾಗಲಿಲ್ಲ, ತಲೆಯಾಡಿಸಿದರು. ಮುಖ್ಯಸ್ಥರು ಪೆನ್ನನ್ನು ಮೇಜಿನ ಮೇಲಿಟ್ಟರು. ಅವಳು ನನ್ನ ಕಡೆ ತಿರುಗಿದಳು. ಫೋನಿನಲ್ಲಿ ತಾನು ಕೇಳಿದ್ದೇನು, ನಾನು ಹೇಳಿದ್ದೇನು ಎಂದು ಅವಳು ನೆನಪಿಸಿಕೊಳ್ಳುತ್ತಿದ್ದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಮುಂದಿನ ನಕ್ಷೆ ತೋರಿಸಿದಳು.

ಸಭೆ ಮುಗಿದು ಎಲ್ಲರೂ ಊಟಕ್ಕೆ ಏಳುವಾಗ ಕಾಗದಗಳನ್ನು ಜೋಡಿಸುತ್ತ ನನ್ನ ಪಕ್ಕಕ್ಕೆ ಬಂದಳು. ಬೈಯಲಿ ಎಂದು ಕಾಯುತ್ತಿದ್ದೆ.

"ಸೋಮವಾರ ಹಿರಿಯೂರಿಗೆ ಹೋಗಾಣ," ಎಂದಳು. "ಈ ಸಲ ನೀವು ಮಣ್ಣು ತೆಗಿಯಾವಾಗ ನಾನೂ ಜತ್ಯಾಗೆ ಇರ್ತೀನಿ."

ಆಗಲಿ ಎಂದೆ. ಮುಂದಾಳು ನಾನಾಗಿದ್ದರೂ ನನ್ನಂಥವನಿಗೆ ಅವಳ ಆ ಮಾತನ್ನೇ ಹೇಳುತ್ತಿದ್ದೆ. ಆದರೆ ಇಷ್ಟು ಮೆತ್ತಗೆ ಹೇಳಲು ನನಗೆ ಬರುತ್ತಿರಲಿಲ್ಲ.